ಯಾರೂ ಇಲ್ಲದ ದ್ವೀಪಕ್ಕೆ ಯಾರ ದುಡ್ಡು?

ಭೂಪಟದಲ್ಲಿ ಬೆಂಗಳೂರಿನ ಮೇಲೆ ಸ್ಕೇಲಿಟ್ಟು ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಕನ್ಯಾಕುಮಾರಿಯ ಹತ್ತಿರ ನೆಲ ಬಿಡುತ್ತದೆ. ಅಲ್ಲಿಂದ ಮುಂದೆ ಐದು ಸಾವಿರ ಕಿಲೋಮೀಟರಿನಷ್ಟು ಬರೀ ನೀರು. ಅದೇ 77 ಡಿಗ್ರಿ ಚಿಲ್ಲರೆ ರೇಖಾಂಶದ ಮೇಲೆ ಆ ಗೆರೆ ಕೊನೆಗೆ ಹೋಗಿ ಮುಟ್ಟುವುದು ಆಮ್‌ಸ್ಟರ್‌ಡ್ಯಾಮ್ ಎಂಬ ದ್ವೀಪವನ್ನು. ಹೆಸರು ಡಚ್ಚರ ಊರಿನದು, ಒಡೆತನ ಫ್ರೆಂಚರದು. ಒಂದು ಸಂಶೋಧನಾ ಠಾಣೆ, ಅದರಲ್ಲಿ ಒಂದಿಷ್ಟು ಸಿಬ್ಬಂದಿ, ಉಳಿದಂತೆ ಕಡಲಹಕ್ಕಿಗಳು. 2014ರ ಜನವರಿ ಕೊನೆಯಲ್ಲಿ ಹದಿನಾಲ್ಕು ಮಂದಿ ರೇಡಿಯೋ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಹಡಗು ಮಾಡಿಕೊಂಡು ಅಲ್ಲಿಗೆ ಹೋಗಿ, ಎರಡೂವರೆ ವಾರ ಡೇರೆ ಗುಡಿಸಲುಗಳಲ್ಲಿ ಕೂತು, ಜಗತ್ತಿನ ಹ್ಯಾಮ್‌ಗಳ ಜೊತೆ ಸುಮಾರು 1,70,000 ಸಂಪರ್ಕ ಮಾಡಿ ವಾಪಸು ಬಂದರು.

ಆ ಲಕ್ಷದ ಎಪ್ಪತ್ತು ಸಾವಿರದಲ್ಲಿ ಒಂದು ನನ್ನದು. ತಾರಸಿಯ ನೀರಿನ ಟ್ಯಾಂಕಿನಿಂದ ಹಿತ್ತಲ ತೆಂಗಿನಮರಕ್ಕೆ ಕಟ್ಟಿದ ತಾಮ್ರದ ತಂತಿ, ನೂರು ವ್ಯಾಟಿನ ಸೆಟ್ಟು, ಮೋರ್ಸ್ ಕೀ. ಮೂರು ಸಂಜೆ ಕೂತರೂ ಆಗಿರಲಿಲ್ಲ. ಅವರ ಸದ್ದು ಪಕ್ಕದ ಮನೆಯ ಮಿಕ್ಸಿಯಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನದು ಅವರಿಗೆ ಕೇಳುತ್ತಿರಲಿಲ್ಲ, ಅಷ್ಟೇ. ಅವರು ಒಂದು ಆವರ್ತನದಲ್ಲಿ ಮಾತಾಡಿ, ಅದರ ಮೇಲಿನ ಹತ್ತಿಪ್ಪತ್ತು ಕಿಲೋಹರ್ಟ್ಸ್ ಅಗಲದಲ್ಲಿ ಕೇಳಿಸಿಕೊಳ್ಳುತ್ತಾರೆ. ಆ ಅಗಲದಲ್ಲಿ ಜಪಾನಿನಿಂದ ಇಟಲಿಯವರೆಗಿನ ಸಾವಿರಾರು ಜನ ಒಟ್ಟಿಗೆ ಕೂಗುತ್ತಿರುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಎಲ್ಲ ಕಂಡಕ್ಟರುಗಳೂ ಒಂದೇ ಉಸಿರಿನಲ್ಲಿ ಊರ ಹೆಸರು ಕೂಗಿದರೆ ಹೇಗೋ ಹಾಗೆ. ಇದಕ್ಕೆ ಹ್ಯಾಮ್‌ಗಳು ಪೈಲ್‌ಅಪ್ ಅನ್ನುತ್ತಾರೆ. ನಾಲ್ಕನೇ ಸಂಜೆ, ಅವರು ಈಗಷ್ಟೇ ಯಾರಿಗೆ ಉತ್ತರ ಕೊಟ್ಟರು, ಆ ವ್ಯಕ್ತಿ ಎಲ್ಲಿ ಕೂಗಿದ್ದ ಎಂದು ಹುಡುಕಿ, ಅದಕ್ಕಿಂತ ಕೂದಲೆಳೆ ಮೇಲೆ ನನ್ನ ಕರೆಚಿಹ್ನೆ ಬಿಟ್ಟೆ. ಅದು ತಿರುಗಿ ಬಂತು, ಹಿಂದೆ ಒಂದು 599, ಅಂದರೆ ಸದ್ದು ಚೆನ್ನಾಗಿ ಕೇಳುತ್ತಿದೆ. ನಾನೂ 599 ಅಂದೆ. ಅವರು ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಇಷ್ಟೂ ಸೇರಿ ಆರೇಳು ಸೆಕೆಂಡು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಭಾವ ಕೇಳಿದರು: "ಇಷ್ಟಕ್ಕೆ ಅವರು ಹಡಗು ಮಾಡಿಕೊಂಡು ಹೋದರಾ? ದುಡ್ಡು ಯಾರದು?"

ಮೊದಲ ಪ್ರಶ್ನೆಗೆ ಹೌದು ಎಂದು ಉತ್ತರಿಸಿ ಸುಮ್ಮನಾಗಬಹುದು. ಎರಡನೆಯದು ಹ್ಯಾಮ್ ಲೋಕದೊಳಗೇ ಅರವತ್ತು ಎಪ್ಪತ್ತು ವರ್ಷಗಳಿಂದ ಬಗೆಹರಿಯದೆ ಉಳಿದ ಜಗಳ.

ಮೊದಲು, ಬಂಡೆಗೆ ಬೆಲೆ ಬಂದದ್ದು ಹೇಗೆ ಎಂಬುದು. 1935ರಲ್ಲಿ ಕ್ಲಿಂಟನ್ ಡಿಸೋಟೊ ಎಂಬಾತ ಅಮೆರಿಕದ ರೇಡಿಯೋ ರಿಲೇ ಲೀಗಿನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ನಾನು ಇಷ್ಟು ದೇಶಗಳ ಜೊತೆ ಮಾತಾಡಿದೆ ಎಂದು ಎಲ್ಲರೂ ಎದೆ ತಟ್ಟಿಕೊಳ್ಳುತ್ತಾರೆ, ಆದರೆ ರೇಡಿಯೋ ಮಟ್ಟಿಗೆ ದೇಶ ಎಂದರೆ ಯಾವುದು ಎಂಬುದು ಅದರ ವಿಷಯ. ರಾಜಕೀಯವಾಗಿ ಬೇರೆಯಾದದ್ದು ಬೇರೆ ದೇಶ. ಒಂದೇ ದೇಶದ್ದಾದರೂ ಕಡಲಿನಾಚೆ ಸಾಕಷ್ಟು ದೂರ ಇದ್ದರೆ ಅದೂ ಬೇರೆ. ಈ ತರ್ಕದ ಮೇಲೆ 1937ರಲ್ಲಿ ಡಿಎಕ್ಸ್ (ದೂರದ ಸಂಪರ್ಕ) ಸೆಂಚುರಿ ಕ್ಲಬ್ ಶುರುವಾಯಿತು, ಯುದ್ಧ ಮುಗಿದ ಮೇಲೆ 1945ರಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಹೊರಟಿತು. ನೂರು ಜಾಗ ಮುಟ್ಟಿದರೆ ಸರ್ಟಿಫಿಕೇಟು. ಇವತ್ತು ಪಟ್ಟಿಯಲ್ಲಿ 340 ಹೆಸರುಗಳಿವೆ. ಭಾರತ ಒಂದು, ಅಂಡಮಾನ್ ನಿಕೋಬಾರ್ ಇನ್ನೊಂದು, ಲಕ್ಷದ್ವೀಪ ಮತ್ತೊಂದು. ಮುನ್ನೂರರವರೆಗೆ ಮನೆಯಲ್ಲೇ ಕೂತು ತಾಳ್ಮೆಯಿಂದ ಮುಟ್ಟಬಹುದು. ಕೊನೆಯ ನಲವತ್ತಕ್ಕೆ ಯಾರಾದರೂ ಹೋಗಿ ಅಲ್ಲಿಂದ ಮಾತಾಡಲೇಬೇಕು, ಯಾಕೆಂದರೆ ಅವುಗಳಲ್ಲಿ ಬಹುಪಾಲು ಕಡೆ ಜನರೇ ಇಲ್ಲ, ಅಥವಾ ಇರುವ ಜನರಿಗೆ ರೇಡಿಯೋ ಪರವಾನಗಿ ಸಿಗುವುದಿಲ್ಲ. ಹೀಗೆ ಸಲಕರಣೆ ಹೊತ್ತು ಹೋಗುವ ಯಾತ್ರೆಗೆ ಡಿಎಕ್ಸ್‌ಪೆಡಿಷನ್ ಎಂಬ ಹೆಸರು ಬಂತು.

ಪಟ್ಟಿ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ದಕ್ಷಿಣ ಚೀನಾ ಸಮುದ್ರದ ಸ್ಕಾರ್‌ಬರೋ ರೀಫ್ ನೋಡಬೇಕು. ಭರತದ ಹೊತ್ತಿನಲ್ಲಿ ಅಲ್ಲಿ ನೀರಿನ ಮೇಲೆ ಉಳಿಯುವುದು ಕೆಲವು ಬಂಡೆಗಳ ತಲೆ ಮಾತ್ರ. 2007ರಲ್ಲಿ ಒಂದು ತಂಡ ಆ ಬಂಡೆಗಳ ಮೇಲೆ ಮರದ ಅಟ್ಟಣೆ ಕಟ್ಟಿ, ಅದರ ಮೇಲೆ ಕುರ್ಚಿ, ಮೇಜು, ಜನರೇಟರ್, ಕೊಡೆ ಇಟ್ಟುಕೊಂಡು ಪಾಳಿಯ ಮೇಲೆ ಕೂತಿತು. ಹೊಲದಲ್ಲಿ ಹಂದಿ ಕಾಯುವವರ ಅಟ್ಟಣೆಯನ್ನು ಕಡಲ ನಡುವೆ ನಿಲ್ಲಿಸಿದಂತೆ ಕಾಣುವ ಆ ಫೋಟೋಗಳನ್ನು ನೋಡಿ ನಗದವರಿಲ್ಲ. ಹಾಗೆ ನಕ್ಕವರಲ್ಲಿ ಎಷ್ಟೋ ಜನ ಅವರಿಗಾಗಿ ರಾತ್ರಿಯಿಡೀ ಕೂಗಿದವರೇ.

ದುಡ್ಡಿನ ಕಥೆಯ ಆರಂಭ ಇದಕ್ಕಿಂತ ಸರಳ. 1950ರ ದಶಕದ ನಡುವಿನಲ್ಲಿ ಡ್ಯಾನಿ ವೈಲ್ ಎಂಬ ಇಂಗ್ಲಿಷ್ ತರುಣ ಯಾಸ್ಮಿ ಎಂಬ ಹಾಯಿದೋಣಿಯಲ್ಲಿ ಒಬ್ಬನೇ ಹೊರಟ. ಕೆರಿಬಿಯನ್‌ನಲ್ಲಿ ಅವನಿಗೆ ಹ್ಯಾಮ್‌ಗಳ ನಂಟು ಬೆಳೆದು ರೇಡಿಯೋ ಕಲಿತ, ವಿಪಿ2ವಿಬಿ ಎಂಬ ಕರೆಚಿಹ್ನೆ ಸಿಕ್ಕಿತು. ದ್ವೀಪದಿಂದ ದ್ವೀಪಕ್ಕೆ ಅವನು ಹೋದಂತೆಲ್ಲ ಜಗತ್ತಿನ ಹ್ಯಾಮ್‌ಗಳು ಹಿಂಬಾಲಿಸಿದರು. ದೋಣಿ ಬಂಡೆಗೆ ಬಡಿದು ಹೋದಾಗ ಚಂದಾ ಎತ್ತಿ ಇನ್ನೊಂದಕ್ಕೆ ದಾರಿ ಮಾಡಿದರು. ಅವನ ಹೆಸರಲ್ಲಿ ಕೂಡಿಸಿದ ಹಣಕ್ಕೆ ಲೆಕ್ಕಪತ್ರ ಇಡಬೇಕಾಗಿ ಬಂದು ಹುಟ್ಟಿದ್ದು ಯಾಸ್ಮಿ ಪ್ರತಿಷ್ಠಾನ. ಇವತ್ತಿಗೂ ಅದು ಕೆಲಸ ಮಾಡುತ್ತಿದೆ. ಊರ ಹಬ್ಬಕ್ಕೆ ಪಟ್ಟಿ ಹಿಡಿದು ಮನೆಮನೆಗೆ ಹೋದಂತೆಯೇ ಇದೂ. ಕೊಟ್ಟವನಿಗೆ ದೋಣಿಯ ಮೇಲೆ ಹಕ್ಕಿಲ್ಲ, ಆದರೆ ದೋಣಿ ತನ್ನದೆನ್ನುವ ಭಾವನೆ ಇದೆ.

ಅದೇ ಕಾಲದ ಇನ್ನೊಂದು ಮುಖವೂ ಇದೆ. 1960ರ ದಶಕದಲ್ಲಿ ಒಬ್ಬ ಪ್ರಸಿದ್ಧ ಹ್ಯಾಮ್ ತಾನು ಕಾಲೇ ಇಡದ ಜಾಗಗಳಿಂದ ಮಾತಾಡಿದೆ ಎಂದು ಹೇಳಿಕೊಂಡಿದ್ದಾನೆಂಬ ಅನುಮಾನ ಎದ್ದು ದೊಡ್ಡ ರಾದ್ಧಾಂತವಾಯಿತು. ಅಲ್ಲಿಂದೀಚೆಗೆ ಪಟ್ಟಿ ನಡೆಸುವವರು ಸುಮ್ಮನೆ ನಂಬುವುದಿಲ್ಲ. ಪರವಾನಗಿಯ ಪ್ರತಿ, ಇಳಿಯಲು ಕೊಟ್ಟ ಒಪ್ಪಿಗೆ ಪತ್ರ, ಹಡಗಿನ ದಾಖಲೆ ಎಲ್ಲ ತೋರಿಸಬೇಕು. ಚಂದಾ ಕೊಟ್ಟವರಿಗೂ ಇದು ರಕ್ಷಣೆ.

ಆಮೇಲೆ ಬಂದವು ಸಂಸ್ಥೆಗಳು. 1972ರಲ್ಲಿ ನಾರ್ದರ್ನ್ ಕ್ಯಾಲಿಫೋರ್ನಿಯಾ ಡಿಎಕ್ಸ್ ಫೌಂಡೇಶನ್, 1983ರಲ್ಲಿ ಇಂಡೆಕ್ಸಾ, ಯುರೋಪು ಜಪಾನುಗಳಲ್ಲಿ ಅಂಥವೇ ಹಲವು. ಸದಸ್ಯರ ಚಂದಾ ಮತ್ತು ತೀರಿಕೊಂಡ ಹ್ಯಾಮ್‌ಗಳು ಉಯಿಲಿನಲ್ಲಿ ಬಿಟ್ಟುಹೋದ ಹಣ ಕೂಡಿಟ್ಟು, ಅರ್ಜಿ ನೋಡಿ ಯಾತ್ರೆಗಳಿಗೆ ಸಹಾಯ ಕೊಡುವುದು ಇವುಗಳ ಕೆಲಸ. ಕ್ಯಾಲಿಫೋರ್ನಿಯಾದ ಸಂಸ್ಥೆ ನಡೆಸುವ ಹದಿನೆಂಟು ಬೀಕನ್‌ಗಳ, ಅಂದರೆ ತಾವಾಗಿಯೇ ಸಂಕೇತ ಬಿಡುವ ಪ್ರಸಾರಕಗಳ, ಜಾಲ ನಮಗೆಲ್ಲ ಉಪಯೋಗ. ನಮಗೆ ಹತ್ತಿರದ್ದು ಕೊಲಂಬೊದಲ್ಲಿದೆ. ಮೂರು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಅದರ ಸರದಿ: ಮೊದಲು ನೂರು ವ್ಯಾಟ್, ಆಮೇಲೆ ಹತ್ತು, ಒಂದು, ಕೊನೆಗೆ ವ್ಯಾಟಿನ ಹತ್ತನೇ ಒಂದು ಭಾಗ. ಕೊನೆಯದೂ ಕೇಳಿಸಿದರೆ ಆ ಸಂಜೆ ಬ್ಯಾಂಡ್ ತೆರೆದಿದೆ ಎಂದು ಅರ್ಥ.

ಈಗ ಖರ್ಚಿಗೆ ಬರೋಣ. ಹೊರಗಿನವರು ರೇಡಿಯೋ ಸೆಟ್ಟುಗಳೇ ದುಬಾರಿ ಎಂದುಕೊಳ್ಳುತ್ತಾರೆ. ಅವನ್ನು ತಯಾರಕರು ಎಷ್ಟೋ ಸಲ ಎರವಲು ಕೊಡುತ್ತಾರೆ, ತಂತಿ ಕಂಬಗಳು ಅಗ್ಗ. ಉಪ್ಪುನೀರಿನ ಅಂಚಿನಲ್ಲೇ ನಿಲ್ಲಿಸಿದ ಸಾದಾ ನೆಟ್ಟನೆಯ ಆಂಟೆನಾ ಊರೊಳಗಿನ ದೊಡ್ಡ ಗೋಪುರಕ್ಕೆ ಸರಿಸಾಟಿಯಾಗಿ ಕೆಲಸ ಮಾಡುತ್ತದೆ. ಆ ಮಟ್ಟಿಗೆ ದ್ವೀಪವೇ ಅರ್ಧ ಆಂಟೆನಾ. ಖಜಾನೆ ಬರಿದು ಮಾಡುವುದು ಹಡಗು. ಬಾಡಿಗೆ ಕೊಡುವುದು ದಿನದ ಲೆಕ್ಕದಲ್ಲಿ, ಮತ್ತು ಆ ದಿನಗಳಲ್ಲಿ ಹೆಚ್ಚಿನವು ಪ್ರಯಾಣಕ್ಕೇ ಹೋಗುತ್ತವೆ. ಹೋಗಲು ಹತ್ತು ದಿನ, ಬರಲು ಹತ್ತು ದಿನ, ನಡುವೆ ಅಲೆ ಇಳಿಯಲೆಂದು ಕಾಯುವ ದಿನಗಳು. ನೆಲದ ಮೇಲೆ ಇರುವುದು ಎಷ್ಟೋ ಸಲ ಒಟ್ಟು ಬಾಡಿಗೆಯ ಮೂರನೇ ಒಂದು ಭಾಗ. ತೆಂಕಣ ಕಡಲಿನಲ್ಲಿ ನಡೆಯಬಲ್ಲ, ಹ್ಯಾಮ್‌ಗಳ ಕೈಗೆಟುಕುವ ಸಣ್ಣ ಹಡಗುಗಳು ಬೆರಳೆಣಿಕೆ. ನ್ಯೂಜಿಲೆಂಡಿನ ಬ್ರೇವ್‌ಹಾರ್ಟ್ ಎಂಬುದು ವರ್ಷಗಟ್ಟಲೆ ಈ ಕೆಲಸ ಮಾಡಿತು. ಆಮ್‌ಸ್ಟರ್‌ಡ್ಯಾಮಿಗೆ ಹೋದದ್ದು ಅದೇ, 2016ರಲ್ಲಿ ಹರ್ಡ್ ದ್ವೀಪಕ್ಕೆ ಹೋದದ್ದೂ ಅದೇ. ಅದು ಮಾರಾಟವಾದಾಗ ಹ್ಯಾಮ್‌ಗಳು ಮನೆಮಂದಿಯ ಹಳೇ ಕಾರು ಹೋದಂತೆ ನೊಂದುಕೊಂಡರು.

ಹಡಗಿನ ಒಪ್ಪಂದಕ್ಕೆ ಸಹಿ ಬೀಳುವುದು ಯಾತ್ರೆಗೆ ವರ್ಷ ಎರಡು ವರ್ಷ ಮೊದಲು, ಮುಂಗಡದೊಂದಿಗೆ. ಮುಂಗಡ ಹಿಂದಿರುಗಿ ಬರುವುದಿಲ್ಲ. ಆದರೆ ಜನ ದುಡ್ಡು ಕೊಡಲು ಮನಸ್ಸು ಮಾಡುವುದು ತಮ್ಮ ಸಂಪರ್ಕ ಆದಮೇಲೆ. ಎಲ್ಲ ಸಂಕಟ ಈ ಎರಡು ತಾರೀಖುಗಳ ನಡುವೆ ಇದೆ. ಅದನ್ನು ತುಂಬುವವರು ತಂಡದವರೇ. ಅಂಟಾರ್ಕ್ಟಿಕ್ ಬದಿಯ ಯಾತ್ರೆಗಳಲ್ಲಿ ಒಬ್ಬೊಬ್ಬರೂ ತಲಾ ಹತ್ತು ಸಾವಿರ ಡಾಲರಿಗೂ ಮೀರಿ ಕೈಯಿಂದ ಹಾಕುತ್ತಾರೆ. ಹಾಗೆ ಹಾಕಬಲ್ಲವರು ಯಾರು ಎಂದು ಯೋಚಿಸಿದರೆ ತಂಡಗಳಲ್ಲಿ ನಿವೃತ್ತ ಎಂಜಿನಿಯರುಗಳು, ವೈದ್ಯರು, ಕಂಪನಿ ಮಾಲೀಕರೇ ಯಾಕೆ ತುಂಬಿರುತ್ತಾರೆ ಎಂಬುದು ತಿಳಿಯುತ್ತದೆ. ಅಲೆಯಲ್ಲಿ ಜಿಗಿಯುವ ವಯಸ್ಸಿದ್ದಾಗ ಕೈಯಲ್ಲಿ ಕಾಸಿರುವುದಿಲ್ಲ. ಕಾಸು ಕೂಡುವ ಹೊತ್ತಿಗೆ ಮಂಡಿ ನೋವು ಬಂದಿರುತ್ತದೆ.

ಇವೆಲ್ಲ ಒಂದೇ ಜಾಗದಲ್ಲಿ ಕಾಣಬೇಕೆಂದರೆ ಬೂವೆ ದ್ವೀಪ ನೋಡಬೇಕು. ದಕ್ಷಿಣ ಅಟ್ಲಾಂಟಿಕ್ಕಿನ ತಳದಲ್ಲಿ, ನಾರ್ವೆಗೆ ಸೇರಿದ 49 ಚದರ ಕಿಲೋಮೀಟರು. ಅದರಲ್ಲಿ ನೂರಕ್ಕೆ ತೊಂಬತ್ತಮೂರು ಭಾಗ ಹಿಮನದಿ. ಹತ್ತಿರದ ನೆಲವೆಂದರೆ 1,700 ಕಿಲೋಮೀಟರ್ ಆಚೆಯ ಅಂಟಾರ್ಕ್ಟಿಕಾ. ಸುತ್ತ ಕಡಿದಾದ ಗೋಡೆ, ಬಂದರಿಲ್ಲ, ಹಡಗುಕಟ್ಟೆಯ ಮಾತೇ ಇಲ್ಲ. ಹ್ಯಾಮ್‌ಗಳಿಗೆ ಬೇಕಾದ ಜಾಗಗಳ ಪಟ್ಟಿಯಲ್ಲಿ ಇದು ವರ್ಷಗಟ್ಟಲೆ ಉತ್ತರ ಕೊರಿಯಾದ ಬೆನ್ನಿಗೇ ನಿಂತಿತ್ತು.

2018ರ ಆರಂಭದಲ್ಲಿ ಇಪ್ಪತ್ತು ಜನರ ತಂಡವೊಂದು ಚಿಲಿಯ ಪುಂಟಾ ಅರೆನಾಸ್‌ನಿಂದ ಬೆಟಾನ್ಸೋಸ್ ಎಂಬ ಹಡಗಿನಲ್ಲಿ ಹೊರಟಿತು. ಅಲೆಯ ಗೊಡವೆಯೇ ಬೇಡವೆಂದು ಹೆಲಿಕಾಪ್ಟರ್‌ಗಳನ್ನೂ ಹೊತ್ತಿತ್ತು. ಅಂದಾಜು ವೆಚ್ಚ ಏಳು ಲಕ್ಷ ಡಾಲರ್ ದಾಟಿತ್ತು. ಅಂದಿನ ಲೆಕ್ಕದಲ್ಲಿ ನಾಲ್ಕೂವರೆ ಕೋಟಿ ರೂಪಾಯಿ. ದ್ವೀಪ ಕಣ್ಣಿಗೆ ಕಂಡಿತು. ಮೋಡ ಕೆಳಗಿಳಿದು ಗಾಳಿ ಎದ್ದು ಹೆಲಿಕಾಪ್ಟರ್ ಹಾರಲಾಗದೆ ಕಾದರು. ಕಾಯುತ್ತಿರುವಾಗಲೇ ಹಡಗಿನ ಎಂಜಿನ್ ಕೈಕೊಟ್ಟಿತು, ಕಪ್ತಾನ ಇನ್ನು ಇರುವಂತಿಲ್ಲ ಎಂದ. ಒಂದೂ ಸಂಪರ್ಕವಿಲ್ಲದೆ ಕೇಪ್ ಟೌನಿಗೆ ಮರಳಿದರು. ಮರುವರ್ಷ ಕೇಪ್ ಟೌನಿನಿಂದ ಹೊರಟ ಇನ್ನೊಂದು ಸಣ್ಣ ತಂಡ ಬಿರುಗಾಳಿಗೆ ಸಿಕ್ಕಿ ದ್ವೀಪ ಮುಟ್ಟದೆಯೇ ತಿರುಗಿತು.

2023ರ ಫೆಬ್ರವರಿಯಲ್ಲಿ ಮೂರನೆಯವರು ಹೋದರು, ಮರಾಮಾ ಎಂಬ ಹಾಯಿಹಡಗಿನಲ್ಲಿ. ಈ ಬಾರಿ ಹೆಲಿಕಾಪ್ಟರ್ ಇಲ್ಲ. ರಬ್ಬರ್ ದೋಣಿ ದಡದ ಹತ್ತಿರ ಬಂದು ನಿಲ್ಲುತ್ತದೆ. ಅಲೆ ಒಡೆಯುವ ಕೊನೆಯ ಪಟ್ಟಿಯಲ್ಲಿ ದೋಣಿ ತಂದರೆ ಮಗುಚುತ್ತದೆ. ಹಾಗಾಗಿ ನೀರು ಹೋಗದ ರಬ್ಬರ್ ಉಡುಪು ತೊಟ್ಟು, ಹಗ್ಗ ಹಿಡಿದು ನೀರಿಗಿಳಿದು, ಅಲೆಯೊಳಗೇ ದಡಕ್ಕೆ ಹೋದರು. ಹಿಂದಿನಿಂದ ಡಬ್ಬಗಳು, ಪೆಟ್ರೋಲ್ ಕ್ಯಾನುಗಳು, ಜನರೇಟರ್ ಹಗ್ಗಕ್ಕೆ ಕಟ್ಟಿಕೊಂಡು ತೇಲುತ್ತ ಉರುಳುತ್ತ ಬಂದವು. ದಡದಲ್ಲಿ ನಿಂತವರು ಮಲ್ಪೆಯಲ್ಲಿ ಕೈರಂಪಣಿ ಎಳೆಯುವವರ ಹಾಗೆ ಸಾಲಾಗಿ ಹಗ್ಗ ಎಳೆದರು. ಒಂದೊಂದು ಡಬ್ಬಕ್ಕೂ ಇದೇ ಪಾಡು. ಯೋಚಿಸಿದ್ದ ದೊಡ್ಡ ಬಿಡಾರ ದಡ ಸೇರಲೇ ಇಲ್ಲ. ಸಣ್ಣ ಡೇರೆ, ಸಾದಾ ಆಂಟೆನಾ, ಕಡಿಮೆ ಶಕ್ತಿ. ಲಕ್ಷದ ಆಸೆ ಇಟ್ಟುಕೊಂಡಿದ್ದವರು ಸುಮಾರು 19,000 ಸಂಪರ್ಕ ಮಾಡಿ ಜೀವ ಉಳಿಸಿಕೊಂಡು ಬಂದರು.

ಅವರಿನ್ನೂ ಡೇರೆಯಲ್ಲಿ ನಡುಗುತ್ತಿರುವಾಗಲೇ ಬೆಚ್ಚಗಿನ ಮನೆಗಳಲ್ಲಿ ಕೂತವರು ಶುರು ಮಾಡಿದರು. ಈ ಬ್ಯಾಂಡಿನಲ್ಲಿ ಯಾಕೆ ಬರಲಿಲ್ಲ, ನಮ್ಮ ಖಂಡಕ್ಕೆ ಯಾಕೆ ಕಿವಿಗೊಡಲಿಲ್ಲ, ನಾನು ಕೊಟ್ಟ ಐವತ್ತು ಡಾಲರ್ ಏನಾಯಿತು. ಭಾಗಲೆಕ್ಕ ಮಾಡಿದವರೂ ಇದ್ದರು. ಏಳು ಲಕ್ಷ ಡಾಲರಿನ ಯಾತ್ರೆ ಲಕ್ಷ ಸಂಪರ್ಕ ಮಾಡಿದರೆ ತಲಾ ಏಳು ಡಾಲರ್, ಹತ್ತೊಂಬತ್ತು ಸಾವಿರ ಮಾಡಿದರೆ ಮೂವತ್ತೇಳು. ಈ ಲೆಕ್ಕದಲ್ಲಿ ತಪ್ಪಿಲ್ಲ, ಮಾಡುವ ಮನಸ್ಸಿನಲ್ಲಿ ಇದೆ ಎಂದು ನನಗನ್ನಿಸುತ್ತದೆ. ಸಂಪರ್ಕ ಮಾರಾಟದ ಸರಕಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಹವ್ಯಾಸಿ ರೇಡಿಯೋದ ಹೆಸರಿನಲ್ಲೇ ಅದು ಇದೆ. ಆದರೆ ಮುಂಗಡ ಕೊಟ್ಟವನಿಗೆ ಅಂಗಡಿಯ ಗಿರಾಕಿಯ ಧ್ವನಿ ಬಂದುಬಿಡುತ್ತದೆ. ತಂಡಗಳೂ ಆ ಧ್ವನಿಗೆ ನೀರೆರೆಯುತ್ತವೆ: ಇಷ್ಟು ಕೊಟ್ಟವರು ಚಿನ್ನದ ದಾನಿ, ಅಷ್ಟು ಕೊಟ್ಟವರು ಬೆಳ್ಳಿ, ಹೆಸರಿಗೆ ದೊಡ್ಡಕ್ಷರ ಸಣ್ಣಕ್ಷರ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ದಾನಿಯ ಹೆಸರು ಹೆಚ್ಚು ಕಾಣುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇದರಲ್ಲಿ ಹೆಚ್ಚು ಚರ್ಚೆಗೆ ಬಿದ್ದದ್ದು ದೃಢೀಕರಣದ ವಿಷಯ. ಸಂಪರ್ಕ ಆಯಿತು ಎಂಬುದಕ್ಕೆ ಪುರಾವೆ ಬೇಕು. ಮೊದಲು ಅದು ಕ್ಯೂಎಸ್‌ಎಲ್ ಎಂಬ ಅಂಚೆ ಕಾರ್ಡ್ ಮಾತ್ರ ಆಗಿತ್ತು. ಸ್ವಂತ ವಿಳಾಸದ ಲಕೋಟೆಯ ಜೊತೆ ಒಂದೆರಡು ಡಾಲರ್ ನೋಟು ಮಡಚಿ ಇಟ್ಟು ಕಳಿಸುವುದು ರೂಢಿ. ನೋಟಿಗೆ ಹಸಿರು ಸ್ಟ್ಯಾಂಪು ಎಂಬ ಅಡ್ಡಹೆಸರು. ಲಕೋಟೆಯ ಮೇಲೆ ಕರೆಚಿಹ್ನೆ ಬರೆಯಬೇಡ, ಒಳಗೆ ಡಾಲರ್ ಇದೆಯೆಂದು ದಾರಿಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ ಎಂದು ಹಿರಿಯರು ಹೊಸಬರಿಗೆ ಹೇಳಿಕೊಡುತ್ತಿದ್ದರು. ನನಗೂ ಹೇಳಿದ್ದರು, ನಾನು ಕಪ್ಪು ಕಾಗದದಲ್ಲಿ ನೋಟು ಸುತ್ತಿ ಕಳಿಸುತ್ತಿದ್ದೆ. ಈಗ ಕಂಪ್ಯೂಟರಿನಲ್ಲೇ ಕಾರ್ಡಿಗೆ ದುಡ್ಡು ಕಟ್ಟಬಹುದು, ದಾಖಲೆ ನೇರ ಪಟ್ಟಿಗೇ ಸೇರುವ ಲಾಗ್‌ಬುಕ್ ಆಫ್ ದಿ ವರ್ಲ್ಡ್ ವ್ಯವಸ್ಥೆಯೂ ಇದೆ. ಅನೇಕ ತಂಡಗಳು ದಾನಿಗಳ ದಾಖಲೆಯನ್ನು ಮೊದಲೇ ಏರಿಸಿ, ಉಳಿದವರದ್ದನ್ನು ತಿಂಗಳುಗಟ್ಟಲೆ ಬಿಟ್ಟು ಏರಿಸುತ್ತವೆ. ಕಾರ್ಡಿಗೆ ಐದು ಡಾಲರ್ ಕೇಳುವುದರಲ್ಲಿ ನನಗೆ ತಕರಾರಿಲ್ಲ, ಅಚ್ಚಿನ ಖರ್ಚು ಅಂಚೆಯ ಖರ್ಚು ಇದೆಯಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಆಗುವ ಕೆಲಸವನ್ನು ಬೇಕೆಂದೇ ತಡಮಾಡುವುದು ಮಾತ್ರ ಸರಿ ಕಾಣುವುದಿಲ್ಲ. ಅದು ದರ್ಶನಕ್ಕೆ ಇಟ್ಟ ಸ್ಪೆಷಲ್ ಟಿಕೆಟ್ಟಿನ ಸಾಲು. ತಂಡದವರ ಉತ್ತರವೂ ಉಂಟು: ಹಾಗೆ ಮಾಡದಿದ್ದರೆ ಮೊದಲೇ ಯಾರೂ ಕೊಡುವುದಿಲ್ಲ, ಮೊದಲೇ ಕೊಡದಿದ್ದರೆ ಹಡಗಿಲ್ಲ. ಎರಡೂ ನಿಜವಾದ್ದರಿಂದಲೇ ಜಗಳ ಮುಗಿದಿಲ್ಲ.

ಬೇರೆ ಕೆಲವು ಕಡೆ ಹಣಕ್ಕಿಂತ ಮೊದಲು ಎದುರಾಗುವುದು ಒಪ್ಪಿಗೆಯ ಪ್ರಶ್ನೆ. ಅಮೆರಿಕದ ಹಲವು ದ್ವೀಪಗಳು ವನ್ಯಜೀವಿ ಇಲಾಖೆಯ ಕೈಯಲ್ಲಿವೆ; ಕೆರಿಬಿಯನ್ನಿನ ನವಾಸಾಕ್ಕೆ ಹತ್ತಾರು ವರ್ಷ ಕಾದು ಕೊನೆಗೆ 2015ರಲ್ಲಿ ಎರಡು ವಾರ ಸಿಕ್ಕಿತು, ಅಷ್ಟರಲ್ಲೇ ಸುಮಾರು 1,40,000 ಸಂಪರ್ಕ ಮಾಡಿದರು. ಆಸ್ಟ್ರೇಲಿಯಾದ ಹರ್ಡ್ ದ್ವೀಪಕ್ಕೆ ಇಳಿಯುವ ಮೊದಲು ಬೂಟಿನ ಅಡಿಯ ಗೀರುಗಳನ್ನು ಕಡ್ಡಿಯಿಂದ ಕೆರೆದು, ಜೇಬಿನ ಮೂಲೆಗಳನ್ನೂ ವೆಲ್ಕ್ರೋ ಪಟ್ಟಿಗಳನ್ನೂ ವ್ಯಾಕ್ಯೂಮ್ ಹಿಡಿದು, ಹೊರಗಿನ ಒಂದು ಹುಲ್ಲುಬೀಜವೂ ಹೋಗದಂತೆ ನೋಡಿಕೊಳ್ಳಬೇಕು. ಇದನ್ನು ಕಿರಿಕಿರಿ ಎನ್ನುವ ಹ್ಯಾಮ್‌ಗಳಿದ್ದಾರೆ. ನಮ್ಮ ಕೆರೆಗಳಲ್ಲಿ ಹೊರಗಿನಿಂದ ಬಂದ ಜಲಕಳೆ ಹಬ್ಬಿದ ಬಗೆ ಕಂಡವರು ಹಾಗೆ ಹೇಳಲಾರರು.

ಒಪ್ಪಿಗೆ ಯಾರಿಂದ ಪಡೆಯಬೇಕು ಎಂಬುದೇ ಗೊತ್ತಿಲ್ಲದ ಜಾಗಗಳೂ ಇವೆ. 1983ರಲ್ಲಿ ಜರ್ಮನ್ ಹ್ಯಾಮ್‌ಗಳಿದ್ದ ಸಿದ್ಧಾರ್ತ ಎಂಬ ಹಾಯಿದೋಣಿ ಹಲವು ದೇಶಗಳು ತಮ್ಮದೆನ್ನುವ ಸ್ಪ್ರಾಟ್ಲಿ ದ್ವೀಪಗಳ ಆಂಬೋಯ್ನಾ ಕೇ ಬಳಿ ಹೋದಾಗ, ಅಲ್ಲಿದ್ದ ವಿಯೆಟ್ನಾಂ ಸೈನಿಕರು ಗುಂಡು ಹಾರಿಸಿದರು. ದೋಣಿ ಹೊತ್ತಿ ಉರಿಯಿತು. ಒಬ್ಬರು ಅಲ್ಲೇ ಸತ್ತರು; ಉಳಿದವರು ಸಣ್ಣ ದೋಣಿಯಲ್ಲಿ ನೀರಿಲ್ಲದೆ ದಿನಗಟ್ಟಲೆ ತೇಲಿ, ಇನ್ನೊಬ್ಬರನ್ನು ದಾರಿಯಲ್ಲಿ ಕಳೆದುಕೊಂಡರು. ಜಪಾನಿನ ಹಡಗೊಂದು ಉಳಿದವರನ್ನು ಎತ್ತಿಕೊಂಡಿತು. ವಿಮೆ, ವೈದ್ಯರು, ಉಪಗ್ರಹ ಫೋನು ಎಂದು ಇವತ್ತಿನ ತಂಡಗಳ ಬಜೆಟ್ಟಿನಲ್ಲಿ ಕಾಣುವ ಸಾಲುಗಳ ಹಿಂದೆ ಇಂಥ ಕಥೆಗಳಿವೆ.

ನಮ್ಮ ಪಡುವಣ ಕಡಲಿನ ಕಥೆ ಇದಕ್ಕೆ ತಿರುವುಮುರುವು. ಲಕ್ಷದ್ವೀಪಕ್ಕೆ ಕೋಟಿಗಟ್ಟಲೆ ಬೇಕಿಲ್ಲ, ವಿಮಾನವೇ ಇಳಿಯುತ್ತದೆ. ಅದರ ಉತ್ತರದ ಅಮೀನ್‌ದಿವಿ ದ್ವೀಪಗಳು, ಅಂದರೆ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, 1956ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ಹುರಿ ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಮಂಗಳೂರಿನ ಕಲೆಕ್ಟರ ಆಳ್ವಿಕೆಯಲ್ಲಿದ್ದ ಈ ನೆಲ ಹ್ಯಾಮ್‌ಗಳ ಪಟ್ಟಿಯಲ್ಲಿ ಜಗತ್ತಿನ ಅತಿ ಅಪರೂಪದ ಸರಕಾಗಿ ವರ್ಷಗಟ್ಟಲೆ ಕೂತಿತ್ತು. ಕಾರಣ ಕಡಲಲ್ಲ, ಕಾಗದ. ದ್ವೀಪಕ್ಕೆ ಕಾಲಿಡಲು ಒಂದು ಪರ್ಮಿಟ್ಟು, ಅಲ್ಲಿಂದ ಪ್ರಸಾರ ಮಾಡಲು ದೆಹಲಿಯಿಂದ ಇನ್ನೊಂದು. ಭದ್ರತೆಯ ವಿಷಯವಾದ್ದರಿಂದ ಕಡತ ಮೇಜಿನಿಂದ ಮೇಜಿಗೆ ತನ್ನದೇ ವೇಗದಲ್ಲಿ ಸಾಗುತ್ತದೆ.

ಅಂಡಮಾನಿಗೂ ಅದೇ ಕಥೆ. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ಭಾರತಿ ಪ್ರಸಾದ್ ಕಡತದ ಬೆನ್ನು ಬಿಡದೆ ಓಡಾಡಿ, 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರಿನಿಂದ ಮಾತಾಡಲು ಒಪ್ಪಿಗೆ ಪಡೆದರು. ಹಲವು ವರ್ಷ ಮೌನವಾಗಿದ್ದ ಅಂಡಮಾನಿನ ಕರೆಚಿಹ್ನೆ ವಿಯು4 ಮತ್ತೆ ಕೇಳಿದಾಗ ಪೈಲ್‌ಅಪ್ ಎಂಥದಿತ್ತು ಎಂಬುದು ಆಗ ಕೇಳಿದವರಿಗೇ ಗೊತ್ತು. ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿತು, ಸುನಾಮಿ ಬಂತು, ಫೋನುಗಳು ಸತ್ತವು. ಪಟ್ಟಿಗಾಗಿ ಕಟ್ಟಿದ್ದ ಆಂಟೆನಾ ಗಳಿಗೆಯೊಳಗೆ ದ್ವೀಪದ ಸುದ್ದಿ ಒಳನಾಡಿಗೆ ಮುಟ್ಟಿಸುವ ಸಾಧನವಾಯಿತು. ಆ ಕೆಲಸ ದಿನಗಟ್ಟಲೆ ನಡೆಯಿತು. ಹ್ಯಾಮ್‌ಗಳ ಖರ್ಚಿನ ಪರವಾಗಿ ವಾದಿಸುವವರೆಲ್ಲ ಈ ಉದಾಹರಣೆ ಎತ್ತುತ್ತಾರೆ. ನಾನು ಸ್ವಲ್ಪ ಹಿಂಜರಿಯುತ್ತೇನೆ. ಅವರು ಅಲ್ಲಿದ್ದದ್ದು ಆಕಸ್ಮಿಕ. ಬೂವೆಗೆ ಹೋದವರು ಯಾರ ಜೀವವನ್ನೂ ಉಳಿಸಲು ಹೋದವರಲ್ಲ, ಹಾಗೆಂದು ಹೇಳಿಕೊಂಡರೆ ನಗೆಪಾಟಲು. ಆದರೆ ಆ ಡಿಸೆಂಬರಿನ ನಂತರ ಸರ್ಕಾರದ ಮನಸ್ಸು ಸಡಿಲಾದಂತೆ ಕಂಡಿತು ಎನ್ನುವುದು ನಿಜ. 2007ರ ಜನವರಿಯಲ್ಲಿ ಅದೇ ಸಂಸ್ಥೆ ವಿದೇಶಿ ಹ್ಯಾಮ್‌ಗಳನ್ನೂ ಕರೆದುಕೊಂಡು ಲಕ್ಷದ್ವೀಪದಿಂದ ವಿಯು7ಆರ್‌ಜಿ ಎಂಬ ಹೆಸರಲ್ಲಿ ಮಾತಾಡಿತು. ಕೊನೆಯ ಎರಡಕ್ಷರ ರಾಜೀವ್ ಗಾಂಧಿಯವರ ನೆನಪಿಗೆ. ಅವರೂ ಹ್ಯಾಮ್, ವಿಯು2ಆರ್‌ಜಿ. ದ್ವೀಪಗಳಲ್ಲಿ ಒಂದು ಕದ್ಮತ್. ಒಂದು ಕಾಲದಲ್ಲಿ ನಮ್ಮ ಜಿಲ್ಲೆಯೇ ಆಗಿದ್ದ ಊರನ್ನು ಹೊಸ ದೇಶವೆಂದು ಲಾಗ್ ಪುಸ್ತಕದಲ್ಲಿ ಬರೆದುಕೊಂಡ ಮಂಗಳೂರಿನ ಹ್ಯಾಮ್‌ಗಳ ಮುಖದ ನಗು ಊಹಿಸಬಲ್ಲೆ.

ದೊಡ್ಡ ಹಡಗು, ದೊಡ್ಡ ತಂಡ ಎಂಬ ಮಾದರಿ ಈಗ ಎರಡು ಕಡೆಯಿಂದ ಸವೆಯುತ್ತಿದೆ. ಒಂದು, ಒಬ್ಬಂಟಿಗರು. 2022ರ ಕೊನೆಯಲ್ಲಿ ಥಿಯೆರಿ ಮಿಲ್ ಎಂಬ ಫ್ರೆಂಚ್ ಹ್ಯಾಮ್ ಕ್ರೋಜೆ ದ್ವೀಪಕ್ಕೆ ಒಬ್ಬರೇ ಹೋದರು. ಬಾಡಿಗೆ ಹಡಗಲ್ಲ, ಫ್ರೆಂಚ್ ಠಾಣೆಗಳಿಗೆ ದಿನಸಿ ಒಯ್ಯುವ ಮರಿಯೋನ್ ದ್ಯುಫ್ರೆನ್ ಹಡಗಿನಲ್ಲೇ ಒಂದು ಜಾಗ. ಅದು ಮತ್ತೆ ಬರುವವರೆಗೆ ಸುಮಾರು ಮೂರು ತಿಂಗಳು ಅಲ್ಲೇ ಇದ್ದು, ಐವತ್ತು ಸಾವಿರ ಸಂಪರ್ಕ ಮಾಡಿ ಬಂದರು. ಆಮ್‌ಸ್ಟರ್‌ಡ್ಯಾಮಿನ ತಂಡದ ಮೂರನೇ ಒಂದಕ್ಕಿಂತ ಕಡಿಮೆ, ಆದರೆ ಖರ್ಚಿನ ಪಕ್ಕ ಇಟ್ಟು ನೋಡಿದರೆ ತಲೆ ತಿರುಗುತ್ತದೆ. ಹೀಗೆ ತಿಂಗಳುಗಟ್ಟಲೆ ಒಬ್ಬರೇ ಕೂರಬಲ್ಲ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಅದನ್ನು ಬಜೆಟ್ಟಿನಲ್ಲಿ ತೋರಿಸುವ ಸಾಲೂ ಇಲ್ಲ.

ಇನ್ನೊಂದು, ಡಬ್ಬ. ಸೆಟ್ಟು, ವಿದ್ಯುತ್ತು, ನಿಯಂತ್ರಣ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ದಡದಲ್ಲಿಟ್ಟು, ಹ್ಯಾಮ್‌ಗಳು ಲಂಗರು ಹಾಕಿದ ಹಡಗಿನಲ್ಲೇ ಕೂತು ಅದನ್ನು ನಡೆಸುವುದು. 2024ರ ಆಗಸ್ಟ್‌ನಲ್ಲಿ ಪೆಸಿಫಿಕ್ಕಿನ ಜಾರ್ವಿಸ್ ದ್ವೀಪದಲ್ಲಿ ಹೀಗೆ ಮಾಡಿ ಲಕ್ಷಕ್ಕೂ ಮೀರಿದ ಸಂಪರ್ಕ ನಡೆಸಿದರು. ದೂರದ ಮನೆಗಳಿಂದಲೂ ಕೆಲವರು ಉಪಗ್ರಹದ ಕೊಂಡಿ ಹಿಡಿದು ಕೈಜೋಡಿಸಿದರು. ಹಕ್ಕಿಗಳಿಗೆ ಕಾಟ ಕಡಿಮೆ, ಡೇರೆ ಬೇಡ, ಅಡುಗೆಮನೆ ಬೇಡ, ಶೌಚದ ಗುಂಡಿ ಬೇಡ. ವನ್ಯಜೀವಿ ಇಲಾಖೆಗಳಿಗೆ ಇದಕ್ಕಿಂತ ಇಷ್ಟದ ಮಾತು ಇನ್ನೊಂದಿಲ್ಲ. ಹಳಬರಿಗೆ ಮಾತ್ರ ಇದು ಗಂಟಲಲ್ಲಿ ಇಳಿಯುತ್ತಿಲ್ಲ: ದ್ವೀಪದಲ್ಲಿ ಕೂರದವನ ಜೊತೆ ಮಾತಾಡಿದರೆ ದ್ವೀಪದ ಜೊತೆ ಮಾತಾಡಿದಂತಾಯಿತೇ? ಇದೇ ಗೊಣಗಾಟ 2017ರಲ್ಲಿ ಎಫ್‌ಟಿ8 ಬಂದಾಗಲೂ ಇತ್ತು. ಭೌತಶಾಸ್ತ್ರಕ್ಕೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದಲ್ಲಿ ಕಂಪ್ಯೂಟರುಗಳು ಹದಿನೈದು ಸೆಕೆಂಡಿನ ಸರದಿಯಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತವೆ, ಕಿವಿಗೆ ಕೇಳದ ಕ್ಷೀಣ ಸದ್ದನ್ನೂ ಹೆಕ್ಕುತ್ತವೆ. ನನ್ನಂತೆ ತೆಂಗಿನಮರಕ್ಕೆ ತಂತಿ ಕಟ್ಟಿದವರಿಗೆ ಅದು ದೊಡ್ಡ ಉಪಕಾರ. ಆದರೆ ನಾಲ್ಕನೇ ಸಂಜೆಯ ಆ ಆರೇಳು ಸೆಕೆಂಡು ಅದರಲ್ಲಿ ನನಗೆ ಸಿಕ್ಕಿಲ್ಲ.

ಭಾವನಿಗೆ ನಾನು ಅಂದು ಕೊಟ್ಟ ಉತ್ತರ: ಬಹುಪಾಲು ದುಡ್ಡು ಹೋದವರದೇ, ಸ್ವಲ್ಪ ಸಂಸ್ಥೆಗಳದ್ದು, ಚೂರು ನಮ್ಮಂಥವರದ್ದು. "ನೀನು ಎಷ್ಟು ಕೊಟ್ಟೆ?" ಎಂದರು. ಕಾರ್ಡಿಗೆ ಎಂದು ಐದು ಡಾಲರು, ಅದೂ ಸಂಪರ್ಕ ಆದಮೇಲೆ. ಅವರು ಮುಂದೇನೂ ಕೇಳಲಿಲ್ಲ, ಕಾಫಿ ಮುಗಿಸಿ ಒಳಗೆ ಹೋದರು.

ಕಾರ್ಡು ಏಳೆಂಟು ತಿಂಗಳ ಮೇಲೆ ಬಂತು. ಒಂದು ಬದಿಯಲ್ಲಿ ದ್ವೀಪದ ಚಿತ್ರ, ಹಿಂದೆ ನನ್ನ ಕರೆಚಿಹ್ನೆ, ತಾರೀಖು, ಸಮಯ, 21 ಮೆಗಾಹರ್ಟ್ಸ್, 599. ಕೆಳಗೆ ಸಣ್ಣ ಅಕ್ಷರಗಳಲ್ಲಿ ನೆರವಾದವರ ಹೆಸರುಗಳು. ಬೆಂಗಳೂರಿನಿಂದ ಕನ್ಯಾಕುಮಾರಿ ಹಾದು ಹೋದ ಆ ಗೆರೆಯನ್ನು ನಾನು ಅಟ್ಲಾಸಿನಲ್ಲಿ ಪೆನ್ಸಿಲಿನಿಂದ ಎಳೆದದ್ದು ಅವತ್ತು. ಮರುವರ್ಷ ಇನ್ನೊಂದು ದ್ವೀಪಕ್ಕೆ ಹೊರಟವರ ಸುದ್ದಿ ಬಂದಾಗ, ಅವರಿನ್ನೂ ಹಡಗು ಹತ್ತುವ ಮೊದಲೇ ಇಪ್ಪತ್ತೈದು ಡಾಲರ್ ಕಳಿಸಿದೆ. ಅವರು ಹೋದರು, ಹದಿನೈದು ದಿನ ಮಾತಾಡಿದರು. ನನ್ನ ತಂತಿಗೆ ಒಂದು ದಿನವೂ ಅವರು ಕೇಳಲಿಲ್ಲ.